ನಮ್ಮ ಮಕ್ಕಳು ಏನೆಂದು ಹೇಳಿಕೊಳ್ಳಬೇಕು?
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಐಮಂಗಲದಲ್ಲಿ ತಂದೆಯವರ ಅಂಗಡಿಯ ತಕ್ಕಡಿ ಹಿಡಿದವನು. ಶಾಸ್ತ್ರ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ಮನೆಯಲ್ಲಿ ನಡೆದುದನ್ನು ಮಾತ್ರ ನಿವೇದಿಸುತ್ತೇನೆ.

ನನ್ನ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೆಸರಿನ ಕೊನೆಯ 'ಜೈನ್' ಎಂಬುದನ್ನು ಕಂಡು ಜೊತೆಯವರು, "ನೀವು ರಾಜಸ್ಥಾನದವರೇ?" ಎಂದು ಕೇಳಿದರಂತೆ. ವಿವರಿಸುವ ತೊಂದರೆ ಏಕೆಂದು ಇವನು ಹೌದೆಂದುಬಿಟ್ಟನಂತೆ. ಹಬ್ಬಕ್ಕೆ ಬಂದಾಗ ಇದನ್ನು ನಗುತ್ತ ಹೇಳಿದನು. ನನಗೆ ನಗು ಬರಲಿಲ್ಲ; ಗದರಿಸಿದೆನು. ಆಗ ಅವನು, "ಅಪ್ಪಾಜಿ, ಹಾಗಾದರೆ ಏನೆಂದು ಹೇಳಬೇಕಿತ್ತು?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಇವನ್ನು ಕಟ್ಟಳೆಯಾಗಿ ಕೊಟ್ಟಿದ್ದೆನೇ ಹೊರತು ಅವುಗಳ ಅರ್ಥವನ್ನು ಹೇಳಿರಲಿಲ್ಲ. ತಪ್ಪು ನನ್ನದು.

ರಾಜಸ್ಥಾನದಿಂದ ಬಂದ ಸಹಧರ್ಮಿಗಳು ನಮ್ಮ ಬಂಧುಗಳೇ. ಆದರೆ ನಮ್ಮ ಬೇರು ಈ ಕನ್ನಡ ನೆಲದಲ್ಲಿದೆ. ಕ್ರಿ.ಶ. 941ರಲ್ಲಿ ಪಂಪನು ಆದಿತೀರ್ಥಂಕರರ ಚರಿತೆಯನ್ನು ಹಾಡಿದ್ದು ಕನ್ನಡದಲ್ಲಿ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು, ನಮ್ಮಂತೆಯೇ ವ್ಯಾಪಾರಿಯ ಮಗನು, 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದನು. ಆ ಮಹಾತಾಯಿಯು ಅಚ್ಚುಕೂಟವಿಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇವನ್ನೆಲ್ಲ ನಾವು ಶಾಲೆಯಲ್ಲಿ ಓದಿ ಅಂಕ ಪಡೆದೆವು. ನಮ್ಮ ಮನೆಯ ಮಾತೆಂದು ಮಕ್ಕಳಿಗೆ ಹೇಳಲಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4 ಲಕ್ಷ 40 ಸಾವಿರ. ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ಗುರುತನ್ನು ನಮ್ಮ ಮಕ್ಕಳಿಗೆ ನೆರೆಹೊರೆಯವರು ಕಲಿಸಲಾರರು. ಮನೆಯೇ ಕಲಿಸಬೇಕು, ಬಸದಿಯೇ ಕಲಿಸಬೇಕು.

ಆದುದರಿಂದ ನನ್ನದೊಂದು ಬಿನ್ನಹ. ವಾರಕ್ಕೊಂದು ದಿನ ಪೂಜೆ ಮುಗಿದ ಮೇಲೆ ಇದೇ ಬಸದಿಯಲ್ಲಿ ತರುಣ ತರುಣಿಯರನ್ನು ಕೂರಿಸಿ, ಅವರ ಪ್ರಶ್ನೆಗಳನ್ನು ಕೇಳೋಣ. ಗದರಿಸುವುದು ಬೇಡ. ತಿಳಿದಷ್ಟನ್ನು ಹೇಳೋಣ, ತಿಳಿಯದುದನ್ನು ಅವರೊಡನೆ ಕುಳಿತು ಓದೋಣ. ನಾನು ಈ ವಯಸ್ಸಿನಲ್ಲಿ ಓದಲು ತೊಡಗಿದ್ದೇನೆ. ಕಳೆದ ತಿಂಗಳು ಮಗನು ಫೋನು ಮಾಡಿ, "ಅಪ್ಪಾಜಿ, ರನ್ನನ ಊರು ಯಾವುದು?" ಎಂದು ಕೇಳಿದನು. "ಮುದುವೊಳಲು, ಇಂದಿನ ಮುಧೋಳ" ಎಂದು ತಡವರಿಸದೆ ಹೇಳಿದೆನು. ಯಾರೋ ಜೊತೆಯವರಿಗೆ ಹೇಳಬೇಕಾಗಿತ್ತಂತೆ.

ಇಲ್ಲಿ ಜಿನಬಿಂಬದ ಪ್ರತಿಷ್ಠೆ ನೆರವೇರಿದೆ. ಅದರ ದರ್ಶನಕ್ಕೆ ನಾಳೆ ಬರಬೇಕಾದವರು ಈ ಮಕ್ಕಳೇ ಎಂಬುದನ್ನು ಮರೆಯದಿರೋಣ.

ಜಯ ಜಿನೇಂದ್ರ.