ಚಂದ್ರನ ನಕ್ಷೆಯಲ್ಲಿ ರಾಯಚೂರಿನ ತ್ರಿಕೋನ

(ರಾಯಚೂರು, ಮಾನ್ವಿ ಹಾಗೂ ದೇವದುರ್ಗದ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದಾಗ, 'ಭಾರತ ದಕ್ಷಿಣ ಧ್ರುವದಲ್ಲಿ ಇಳಿಯಿತು' ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಆದರೆ ವಿಕ್ರಮ್ ಇಳಿದದ್ದು ಸುಮಾರು 69.37 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವವಿರುವುದು 90 ಡಿಗ್ರಿಯಲ್ಲಿ. ಚಂದ್ರನ ಮೇಲೆ ಒಂದು ಡಿಗ್ರಿ ಅಕ್ಷಾಂಶವೆಂದರೆ 30 ಕಿ.ಮೀ.ಗೆ ತುಸು ಹೆಚ್ಚು. ಅಂದರೆ ಅಲ್ಲಿಂದ ಧ್ರುವಕ್ಕೆ ಇನ್ನೂ ಸುಮಾರು 625 ಕಿ.ಮೀ. ಉಳಿದಿತ್ತು. ರಾಯಚೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 360 ಕಿ.ಮೀ. ಅದರ ಒಂದೂಮುಕ್ಕಾಲು ಪಟ್ಟು ದೂರವಿದು. ಇದರಿಂದ ಸಾಧನೆಯೇನೂ ಕಿರಿದಾಗುವುದಿಲ್ಲ. ಅಷ್ಟು ದಕ್ಷಿಣದಲ್ಲಿ ಅದಕ್ಕೆ ಮುಂಚೆ ಯಾವ ದೇಶದ ನೌಕೆಯೂ ಮೆಲ್ಲನೆ ಇಳಿದಿರಲಿಲ್ಲ. ಆದರೆ 'ಧ್ರುವದಲ್ಲಿ' ಎಂಬುದಕ್ಕೂ 'ಧ್ರುವದ ಕಡೆಗೆ' ಎಂಬುದಕ್ಕೂ ಇರುವ ಅಂತರ ತಿಳಿಯಬೇಕಾದರೆ ಸರಿಯಾದ ನಕ್ಷೆ ಕೈಯಲ್ಲಿರಬೇಕು.

ಸರಿಯಾದ ನಕ್ಷೆ ಯಾವುದು? ಬೋರಲು ಹಾಕಿದ ಗಡಿಗೆಯ ಮೇಲೆ ಜೋಳದ ರೊಟ್ಟಿ ಹೊದಿಸಿ ನೋಡಿ. ಅಂಚಿನಲ್ಲಿ ಮಡಿಕೆ ಬೀಳುತ್ತದೆ, ಇಲ್ಲವೇ ರೊಟ್ಟಿ ಹರಿಯುತ್ತದೆ. ಗೋಳದ ಮೈಯನ್ನು ಹಾಳೆಗೆ ಇಳಿಸುವಾಗಲೂ ಇದೇ ತೊಡಕು. ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಅದು ಸಾಧ್ಯವೇ ಇಲ್ಲವೆಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಸಿದ್ಧವಾಯಿತು. ಹೀಗಾಗಿ ನಕ್ಷೆ ಬರೆಯುವವರು ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕು. ಆಕಾರ ಉಳಿಯಬೇಕೋ, ವಿಸ್ತೀರ್ಣ ಉಳಿಯಬೇಕೋ, ದೂರ ಉಳಿಯಬೇಕೋ ಎಂದು ಆರಿಸಿಕೊಂಡು ಮಾಡುವ ಈ ಲೆಕ್ಕಕ್ಕೆ 'ಪ್ರಕ್ಷೇಪ' ಎಂದು ಹೆಸರು.

ಮೂರು ಊರುಗಳ ಲೆಕ್ಕ

ನಮ್ಮ ಮೂರು ಊರುಗಳನ್ನೇ ತೆಗೆದುಕೊಳ್ಳೋಣ. ಹಕ್ಕಿ ಹಾರುವ ದಾರಿಯಲ್ಲಿ ರಾಯಚೂರಿನಿಂದ ದೇವದುರ್ಗಕ್ಕೆ ಸುಮಾರು 50 ಕಿ.ಮೀ., ದೇವದುರ್ಗದಿಂದ ಮಾನ್ವಿಗೆ ಸುಮಾರು 50, ಮಾನ್ವಿಯಿಂದ ರಾಯಚೂರಿಗೆ ಸುಮಾರು 40. ಅಕ್ಷಾಂಶ ರೇಖಾಂಶಗಳನ್ನು ಗ್ರಾಫ್ ಕಾಗದದ ಹಾಗೆ ಸಮಚೌಕಗಳಲ್ಲಿ ಬರೆಯುವುದು ಅತಿ ಸುಲಭದ ಪ್ರಕ್ಷೇಪ. ಗ್ರಹವೊಂದರ ಇಡೀ ಮೈಯನ್ನು ಒಂದೇ ಹಾಳೆಯಲ್ಲಿ ತೋರಿಸುವಾಗ ಇದನ್ನೇ ಹೆಚ್ಚಾಗಿ ಬಳಸುತ್ತಾರೆ. ನಾವಿರುವುದು 16 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಾದ್ದರಿಂದ ಈ ನಕ್ಷೆಯಲ್ಲಿ ನಮ್ಮ ತ್ರಿಕೋನ ಪೂರ್ವ-ಪಶ್ಚಿಮವಾಗಿ ಶೇಕಡ 4ರಷ್ಟು ಮಾತ್ರ ಹಿಗ್ಗುತ್ತದೆ. ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ.

ಈಗ ಇದೇ ತ್ರಿಕೋನವನ್ನು ಎತ್ತಿ ವಿಕ್ರಮ್ ಇಳಿದ ಜಾಗದಲ್ಲಿ ಇಡಿ. ರೇಖಾಂಶಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಸಮಭಾಜಕ ವೃತ್ತದಲ್ಲಿ 30 ಕಿ.ಮೀ. ಇದ್ದ ಒಂದು ಡಿಗ್ರಿ ರೇಖಾಂಶ ಅಲ್ಲಿ ಬರೀ 10.7 ಕಿ.ಮೀ. ಆದರೆ ನಕ್ಷೆಯ ಚೌಕ ಕುಗ್ಗುವುದಿಲ್ಲವಲ್ಲ! ಪೂರ್ವ-ಪಶ್ಚಿಮದ ಅಳತೆಯೆಲ್ಲ 2.8 ಪಟ್ಟು ಹಿಗ್ಗುತ್ತದೆ. ರಾಯಚೂರಿನಿಂದ ದೇವದುರ್ಗ 130 ಕಿ.ಮೀ. ದೂರವಿದ್ದಂತೆ ಕಾಣುತ್ತದೆ, ದೇವದುರ್ಗದಿಂದ ಮಾನ್ವಿ 60 ಕಿ.ಮೀ. ಮಾತ್ರ. ಸಮಸಮ ಇದ್ದ ಎರಡು ದಾರಿಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟಿಗೂ ಮಿಕ್ಕಿತು. ದುಂಡನೆಯ ಕುಳಿ ಅಡ್ಡಲಾಗಿ ಮಲಗಿದ ಮೊಟ್ಟೆಯಾಯಿತು. ಇನ್ನು ಧ್ರುವವೆಂಬ ಒಂದು ಬಿಂದು, ಚಂದ್ರನ ಸುತ್ತಳತೆಯಷ್ಟು, ಅಂದರೆ ಸುಮಾರು 10,900 ಕಿ.ಮೀ. ಉದ್ದದ ಗೆರೆಯಾಗಿ ಹಾಳೆಯ ಕೆಳಅಂಚನ್ನೆಲ್ಲ ತುಂಬುತ್ತದೆ.

ಇದು ಬರೀ ನೋಟದ ಮಾತಲ್ಲ. ಪೂರ್ವಕ್ಕೆ 12 ಡಿಗ್ರಿ ಇಳಿಜಾರಿರುವ ದಿಬ್ಬವೊಂದು ಅಲ್ಲಿದೆ ಎನ್ನಿ. ಹಿಗ್ಗಿದ ನಕ್ಷೆಯನ್ನು ನಂಬಿ ಅಳೆದರೆ ಅದೇ ದಿಬ್ಬ 4 ಡಿಗ್ರಿಯ ಸಪಾಟು ನೆಲದಂತೆ ಕಾಣುತ್ತದೆ. ನೌಕೆಯ ಕಾಲು ಊರಲು ಜಾಗ ಹುಡುಕುವವರಿಗೆ ಇದು ಉಳಿವು ಅಳಿವಿನ ಪ್ರಶ್ನೆ.

ದೀಪ ಮತ್ತು ನೆರಳು

ಹಡಗಿನವರಿಗಾಗಿ 1569ರಲ್ಲಿ ಮರ್ಕೇಟರ್ ರಚಿಸಿದ ನಕ್ಷೆ ಇನ್ನೊಂದು ದಾರಿ ಹಿಡಿಯಿತು. ಅಡ್ಡಕ್ಕೆ ಹಿಗ್ಗಿದಷ್ಟೇ ಉದ್ದಕ್ಕೂ ಹಿಗ್ಗಿಸಿತು. ಕುಳಿ ದುಂಡಗೆ ಉಳಿಯುತ್ತದೆ. ಆದರೆ 69 ಡಿಗ್ರಿಯಲ್ಲಿ ಅದರ ವಿಸ್ತೀರ್ಣ ಎಂಟು ಪಟ್ಟಾಗುತ್ತದೆ, ಧ್ರುವವಂತೂ ಹಾಳೆಯೊಳಗೆ ಬರುವುದೇ ಇಲ್ಲ.

ಧ್ರುವಕ್ಕೆ ಒಪ್ಪುವ ಉಪಾಯ ಬಹಳ ಹಳೆಯದು. ಗಾಜಿನ ಗೋಳದ ಉತ್ತರ ಧ್ರುವದಲ್ಲಿ ದೀಪವಿಟ್ಟು, ದಕ್ಷಿಣ ಧ್ರುವಕ್ಕೆ ತಾಗಿಸಿ ಹಿಡಿದ ಹಾಳೆಯ ಮೇಲೆ ನೆರಳು ಬೀಳಿಸಿದಂತೆ ಇದರ ಲೆಕ್ಕ. ಇದಕ್ಕೆ ಸ್ಟೀರಿಯೋಗ್ರಾಫಿಕ್ ಪ್ರಕ್ಷೇಪವೆನ್ನುತ್ತಾರೆ. ಗೋಳದ ಮೇಲಿನ ವೃತ್ತ ಹಾಳೆಯ ಮೇಲೂ ವೃತ್ತವಾಗಿಯೇ ಬೀಳುವುದು ಇದರ ಗುಣ. ಗ್ರೀಕರಿಗೆ ಇದು ಗೊತ್ತಿತ್ತು. ನಕ್ಷತ್ರಗಳನ್ನು ಅಳೆಯುವ ಆಸ್ಟ್ರೋಲೇಬ್ ಎಂಬ ಉಪಕರಣ ಇದರ ಮೇಲೆಯೇ ನಿಂತಿದೆ. ಆ ಉಪಕರಣದ ಬಗ್ಗೆ ಮಹೇಂದ್ರಸೂರಿ 1370ರಲ್ಲಿ 'ಯಂತ್ರರಾಜ' ಎಂಬ ಸಂಸ್ಕೃತ ಗ್ರಂಥವನ್ನೇ ಬರೆದ. ಧ್ರುವವನ್ನು ನಡುವಿನಲ್ಲಿಟ್ಟ ಈ ನಕ್ಷೆಯಲ್ಲಿ, ವಿಕ್ರಮ್ ಇಳಿದ ಕಡೆ ನಮ್ಮ ತ್ರಿಕೋನ ಹಿಗ್ಗುವುದು ಶೇಕಡ 3ರಷ್ಟು ಮಾತ್ರ. ಅದೂ ಎಲ್ಲ ದಿಕ್ಕಿಗೂ ಸಮನಾಗಿ. ದೇವದುರ್ಗ ತನ್ನ ಜಾಗದಲ್ಲೇ ಉಳಿಯಿತು!

ಹಾಗಾದರೆ ಎಲ್ಲದಕ್ಕೂ ಇದನ್ನೇ ಬಳಸಬಾರದೇಕೆ? ಧ್ರುವದಿಂದ ದೂರ ಹೋದಂತೆ ಇದೂ ಹಿಗ್ಗುತ್ತದೆ. ಅದಕ್ಕಾಗಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಮಂಗಳ ಗ್ರಹವನ್ನು 30 ಹಾಳೆಗಳಾಗಿ ಹಂಚಿತು. ಸಮಭಾಜಕದಿಂದ 30 ಡಿಗ್ರಿಯವರೆಗೆ ಮರ್ಕೇಟರ್, 30ರಿಂದ 65ರವರೆಗೆ ಲ್ಯಾಂಬರ್ಟ್‌ನ ಶಂಕು ಪ್ರಕ್ಷೇಪ, ಅದರಾಚೆ ಧ್ರುವದವರೆಗೆ ಸ್ಟೀರಿಯೋಗ್ರಾಫಿಕ್. ಬಳ್ಳಾರಿಗೆ ನೆರೆಯಾದ ಆಂಧ್ರದ ರಾಯದುರ್ಗದ ಹೆಸರನ್ನು ಹೊತ್ತ ಕುಳಿಯೊಂದು ಮಂಗಳನಲ್ಲಿದೆ. ಅದು ಮರ್ಕೇಟರ್ ಪಟ್ಟಿಯಲ್ಲಿ ಬರುತ್ತದೆ.

ವಿಸ್ತೀರ್ಣವೇ ಮುಖ್ಯವಾದಾಗ ಮತ್ತೊಂದು ನಕ್ಷೆ ಬೇಕು. ಚಂದ್ರಯಾನ-1ರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನಲ್ಲಿ ನೀರಿನ ಕುರುಹು ಕಂಡ ಸುದ್ದಿ 2009ರಲ್ಲಿ ಪ್ರಕಟವಾಯಿತು. ಧ್ರುವದ ಬಳಿಯ, ಬಿಸಿಲು ಕಾಣದ ಕುಳಿಗಳಲ್ಲಿ ಎಷ್ಟು ಚದರ ಕಿ.ಮೀ. ನೆಲ ಹಿಮಕ್ಕೆ ಆಸರೆಯಾಗಬಲ್ಲುದು ಎಂದು ಎಣಿಸುವವರು, 1772ರಲ್ಲಿ ಲ್ಯಾಂಬರ್ಟ್ ಕೊಟ್ಟ ಸಮವಿಸ್ತೀರ್ಣ ಪ್ರಕ್ಷೇಪದಂಥದನ್ನು ಹಿಡಿಯಬೇಕು. ಅದರಲ್ಲಿ ಆಕಾರ ಕೊಂಚ ಕೆಟ್ಟೀತು, ಚದರಳತೆ ಕೆಡದು.

ಆದ್ದರಿಂದ ಪತ್ರಿಕೆಯಲ್ಲಿ ಚಂದ್ರನ ನಕ್ಷೆ ಕಂಡಾಗ ಇದು ಯಾವುದನ್ನು ಉಳಿಸಿದೆ, ಯಾವುದನ್ನು ಬಿಟ್ಟಿದೆ ಎಂದು ಕೇಳಿ. ಶಾಲೆಯಲ್ಲಿ ಒಂದು ಚೆಂಡಿನ ಮೇಲೆ ನಡುವಿಗೊಂದು, ತುದಿಯ ಬಳಿ ಒಂದು ಸಮನಾದ ವೃತ್ತ ಬರೆಯಿರಿ. ಅಕ್ಷಾಂಶ ರೇಖಾಂಶ ಎಳೆದು ಅವನ್ನು ಗ್ರಾಫ್ ಕಾಗದಕ್ಕೆ ಇಳಿಸಿ. ವಿಕ್ರಮ್ ಇಳಿದ ತಾಣಕ್ಕಿಟ್ಟ 'ಶಿವಶಕ್ತಿ' ಹೆಸರಿಗೆ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮನ್ನಣೆ ಸಿಕ್ಕಿತು. ಅದನ್ನು ಹುಡುಕುವಾಗ ಉದ್ದನೆಯ ಹಾಳೆ ಬಿಟ್ಟು, ಧ್ರುವ ನಡುವಿನಲ್ಲಿರುವ ದುಂಡು ನಕ್ಷೆ ತೆಗೆಯಿರಿ.