ಕಾಡಿನ ಹೊರಗೂ ದಾರಿಗಳಿವೆ

(ಗುಂಡ್ಲುಪೇಟೆಯಲ್ಲಿ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಒಂದು ಓಟವನ್ನು ಏರ್ಪಡಿಸಬೇಕು, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಕೋರಬೇಕು ಎಂಬ ಆಸೆ ನಿಮ್ಮಲ್ಲಿ ಕೆಲವರಿಗಿದೆ. ‘ಟ್ರೇಲ್ ರನ್ನಿಂಗ್’ ಎಂದು ಕರೆಯುವ ಈ ಕಾಲುದಾರಿ ಓಟಕ್ಕೆ ನಗರಗಳಿಂದ ಜನ ಬರುತ್ತಾರೆ, ನಮ್ಮ ಹುಡುಗರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬುದು ನಿಮ್ಮ ವಾದ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನೂ ಓಡುವವನೇ. ಆದರೂ ಆ ಅನುಮತಿಯನ್ನು ನಾವು ಕೇಳಬಾರದು ಎಂದು ಹೇಳಲು ಇಲ್ಲಿ ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಾಡಂಚಿನ ಬಂಡಿಜಾಡಿನಲ್ಲಿ ಬೆಳಗಿನ ಜಾವ ಓಡುತ್ತಿದ್ದೆ. ಹುರುಳಿ ಹೊಲದ ಅಟ್ಟಣೆಯಿಂದ ಇಳಿಯುತ್ತಿದ್ದ ರೈತರೊಬ್ಬರು ನನ್ನನ್ನು ತಡೆದು, “ಯಾರು ಅಟ್ಟಿಸ್ಕಂಡು ಬತ್ತಾವ್ರೆ ಸ್ವಾಮಿ?” ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಮುಂದಿನ ತಿರುವಿನಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಇರುಳೆಲ್ಲ ಹೊಲದಲ್ಲಿ ಮೇದ ಆನೆಗಳು ಕಾಡಿಗೆ ಮರಳುವ ಹೊತ್ತು, ಓಟಗಾರನು ಬಯಸುವ ತಂಪು ಹೊತ್ತು ಎರಡೂ ಒಂದೇ. ಓಡುವುದನ್ನು ಬೆನ್ನಟ್ಟುವುದು ಹುಲಿ, ಚಿರತೆಗಳ ಹುಟ್ಟುಗುಣ. ಅನಾಹುತವೇನಾದರೂ ನಡೆದರೆ ಆ ಆನೆಗೆ ಪುಂಡಾನೆ ಎಂಬ ಹೆಸರು ಅಂಟುತ್ತದೆ. ಓಟ ಮುಗಿಸಿದವರು ಊರಿಗೆ ಮರಳುತ್ತಾರೆ. ಕೆರಳಿದ ಆನೆಯನ್ನು ಮರುರಾತ್ರಿ ಎದುರಿಸಬೇಕಾದವನು ಅಟ್ಟಣೆಯ ಮೇಲಿನ ರೈತ.

ಇನ್ನು ಮಣ್ಣಿನ ಮಾತು. ಡಾಂಬರು ಬಿಟ್ಟು ಮಣ್ಣನ್ನು ತುಳಿಯುವುದೇ ಈ ಓಟದ ಸೊಗಸು. ಆದರೆ ನೂರಾರು ಪಾದಗಳು ಒಂದೇ ಜಾಡಿನಲ್ಲಿ ಬಿದ್ದಾಗ ಮಣ್ಣಿನ ಕಣಗಳ ನಡುವಿನ ರಂಧ್ರಗಳು ಮುಚ್ಚುತ್ತವೆ. ನೀರು ಇಂಗದೆ ಮೇಲೆಯೇ ಹರಿಯುತ್ತದೆ. ತಿರುವನ್ನು ತಪ್ಪಿಸಿ ನೇರ ಇಳಿದ ಅಡ್ಡದಾರಿ ಒಂದೆರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು ಎಂದು ಬಲ್ಲ ರೈತರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೂಟಿನ ಕೆಸರಿನಲ್ಲಿ ಪಾರ್ಥೇನಿಯಂ ಬೀಜ ಪಯಣಿಸುತ್ತದೆ ಎಂಬುದೂ ನೆನಪಿರಲಿ. 1454 ಮೀಟರ್ ಎತ್ತರದ ಆ ಬೆಟ್ಟದ ಹುಲ್ಲುಗಾವಲಿಗೆ ನಾವು ಕೊಡಬಹುದಾದ ಕಾಣಿಕೆ ಅದಲ್ಲ.

ನ್ಯಾಯದ ಪ್ರಶ್ನೆಯೊಂದು ಇವೆಲ್ಲಕ್ಕಿಂತ ದೊಡ್ಡದು. ನಮ್ಮ ಜಿಲ್ಲೆಯದೇ ಆದ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರನ್ನು ಅವರ ಕಾಡಿನ ನೆಲೆಗಳಿಂದ ಎಬ್ಬಿಸಲಾಯಿತು. 2006ರಲ್ಲಿ ಜೇನು, ನೆಲ್ಲಿಕಾಯಿಗಳ ಸಂಗ್ರಹಕ್ಕೂ ತಡೆ ಬಿತ್ತು. ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಅವರ ಕೈ ಸೇರಲು 2011 ಬರಬೇಕಾಯಿತು. ಬದುಕಿಗಾಗಿ ಕಾಡಿನಲ್ಲಿ ನಡೆದವರನ್ನು ತಡೆದ ಜಿಲ್ಲೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಿಗೆ ಬಾಗಿಲು ತೆರೆಯಿರಿ ಎಂದು ಯಾವ ಮುಖದಿಂದ ಕೇಳೋಣ?

ನಮ್ಮ ಹೋರಾಟಕ್ಕೂ ಇದು ಸಲ್ಲದು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದಿತು. ಅದನ್ನು ಸಡಿಲಿಸಬಾರದೆಂದು 2025ರ ಏಪ್ರಿಲ್‌ನಲ್ಲಿ ಪರಿಸರಾಸಕ್ತರು ಕಗ್ಗಳದಹುಂಡಿಯಿಂದ ಮದ್ದೂರು ತಪಾಸಣಾ ಠಾಣೆಯವರೆಗೆ ಕಾಲ್ನಡಿಗೆಯಲ್ಲಿ ಸಾಗಿದರು. ಬೆಟ್ಟಕ್ಕೆ ಹೋಗುವ ಭಕ್ತರು ಸ್ವಂತ ವಾಹನವನ್ನು ತಪ್ಪಲಿನಲ್ಲೇ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹತ್ತುತ್ತಾರೆ. ಲಾರಿಯವರಿಗೆ, ಭಕ್ತರಿಗೆ ಸಂಯಮವನ್ನು ಬೋಧಿಸುವ ನಾವು ನಮ್ಮ ಆಟಕ್ಕೆ ಮಾತ್ರ ವಿನಾಯಿತಿ ಬೇಡಿದರೆ, ನಾಳೆ ನಮ್ಮ ಮಾತಿಗೆ ಬೆಲೆಯೆಲ್ಲಿ?

ಹಾಗಾದರೆ ಓಡುವುದೆಲ್ಲಿ? ಚಿಕ್ಕಮಗಳೂರು ಸೀಮೆಯ ‘ಮಲ್ನಾಡ್ ಅಲ್ಟ್ರಾ’ ಓಟ ಕಾಫಿ ತೋಟಗಳ ದಾರಿಗಳಲ್ಲಿ ನಡೆಯುತ್ತದೆ. ನಮ್ಮಲ್ಲಿ ಕಾಫಿ ತೋಟಗಳಿಲ್ಲದಿದ್ದರೂ ಜುಲೈ, ಆಗಸ್ಟ್ ತಿಂಗಳಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿವೆ. ದಾರಿಹೋಕರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಹೊಲದವರಿಗೆ ಉಳಿಯುವುದು ತುಳಿದ ಗಿಡ. ತೆರಕಣಾಂಬಿ, ತ್ರಿಯಂಬಕಪುರದ ಕಡೆ ಬಂಡಿಜಾಡುಗಳಿವೆ, ಕೆರೆ ಏರಿಗಳಿವೆ, ಹಳೆಯ ಗುಡಿಗಳಿವೆ. ಅಲ್ಲಿ, ಹೊತ್ತು ಚೆನ್ನಾಗಿ ಏರಿದ ಮೇಲೆ, ಹೊಲದವರ ಒಪ್ಪಿಗೆ ಪಡೆದು ಓಡೋಣ. ಹೊಲದ ಅಂಚು ಬಿಟ್ಟುಕೊಟ್ಟವರಿಗೆ ಪ್ರವೇಶ ಶುಲ್ಕದಲ್ಲಿ ಪಾಲಿರಲಿ. ಮುದ್ದೆ, ಹುರುಳಿ ಸಾರಿನ ಊಟವನ್ನು ಊರಿನ ಸ್ತ್ರೀಶಕ್ತಿ ಸಂಘದವರೇ ಮಾಡಲಿ. ನೀರಿನ ಲೋಟವನ್ನು ಓಟಗಾರರೇ ತರಲಿ. ಯುರೋಪಿನ ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ, 2003ರಲ್ಲಿ ಆರಂಭವಾದ ಹೆಸರಾಂತ ಓಟದಲ್ಲಿಯೂ ಲೋಟವನ್ನು ಓಟಗಾರರೇ ಒಯ್ಯುತ್ತಾರೆ.

ಈ ದಾರಿಯಲ್ಲಿ ಹುಲಿ ಕಾಣಿಸುತ್ತದೆಂಬ ಆಮಿಷವಿಲ್ಲ, ಆದ್ದರಿಂದ ಬರುವವರು ಕಡಿಮೆಯಾಗಬಹುದು. ಆ ನಷ್ಟವನ್ನು ನಾವು ಒಪ್ಪಿಕೊಳ್ಳಬೇಕು. ಮುಂದಿನ ಭಾನುವಾರ ನಿಮ್ಮಲ್ಲಿ ಐದಾರು ಮಂದಿ ಬನ್ನಿ. ಓಡುವ ಮೊದಲು ಆ ದಾರಿಯನ್ನು ನಡೆದು ನೋಡೋಣ, ಹೊಲದವರನ್ನು ಕೇಳೋಣ.