ಎಳೆಗೂಸಿನ ಹೊಟ್ಟೆಯುಬ್ಬರ

ಒಂದು ತಿಂಗಳ ಕೂಸು ಸಂಜೆಯ ಹೊತ್ತಿಗೆ ಅಳತೊಡಗಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು, ಗಂಟೆಗಟ್ಟಲೆ ಸುಮ್ಮನಾಗದಿದ್ದರೆ, ನಮ್ಮ ಮನೆಗಳಲ್ಲಿ ಮೂರು ತೀರ್ಮಾನಗಳು ಒಡನೆಯೇ ಹೊರಡುವುವು. ಹೊಟ್ಟೆಯಲ್ಲಿ ವಾಯು ಸೇರಿದೆಯೆಂಬುದು ಮೊದಲನೆಯದು. ತಾಯಿ ತಿನ್ನಬಾರದುದನ್ನು ತಿಂದುದೇ ಅದಕ್ಕೆ ಕಾರಣವೆಂಬುದು ಎರಡನೆಯದು. ಏನನ್ನಾದರೂ ತೇಯ್ದು ಕುಡಿಸಬೇಕೆಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ಬಹುಮಟ್ಟಿಗೆ ಅನ್ಯಾಯ, ಮೂರನೆಯದು ಅಪಾಯ. ಈ ಮೂರನ್ನೂ ವಿಚಾರಮಾಡಿ, ಮನೆಯಲ್ಲಿಯೇ ನಿರ್ಭಯವಾಗಿ ಮಾಡಬಹುದಾದ ಉಪಚಾರಗಳನ್ನು ತಿಳಿಸುವುದು ಈ ದಿನದ ನಮ್ಮ ಉದ್ದೇಶ.

ವಾಯು ಎಲ್ಲಿಂದ ಬರುತ್ತದೆ? ಕೂಸು ಹಾಲು ಹೀರುವಾಗ ಹಾಲಿನೊಡನೆ ಗಾಳಿಯನ್ನೂ ನುಂಗುತ್ತದೆ. ಅಳುವಾಗ ಇನ್ನಷ್ಟು ನುಂಗುತ್ತದೆ. ಹಾಲಿನ ಸಕ್ಕರೆಯಲ್ಲಿ ಜೀರ್ಣವಾಗದೆ ಉಳಿದ ಭಾಗವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆಯುವಾಗಲೂ ಸ್ವಲ್ಪ ವಾಯು ಹುಟ್ಟುವುದು. ಇವೆಲ್ಲ ಸ್ವಾಭಾವಿಕ. ಆದರೆ ಅಳುವಿಗೆಲ್ಲ ವಾಯುವೇ ಕಾರಣವೆನ್ನಲಾಗದು. ಅನೇಕ ವೇಳೆ ವಾಯುವಿನಿಂದ ಅಳು ಬರುವುದಕ್ಕಿಂತ ಅಳುವಿನಿಂದಲೇ ವಾಯು ಹೆಚ್ಚುವುದುಂಟು. ಆರೋಗ್ಯವಾಗಿ ಬೆಳೆಯುತ್ತಿರುವ ಕೂಸು ದಿನಕ್ಕೆ ಮೂರು ಗಂಟೆಗೂ ಮಿಕ್ಕು, ವಾರಕ್ಕೆ ಮೂರು ದಿನಕ್ಕೂ ಮಿಕ್ಕು, ಮೂರು ವಾರ ಅತ್ತರೆ ಅದನ್ನು ಶಿಶುಶೂಲೆಯೆಂದು ಗುರುತಿಸಬಹುದೆಂದು ಅಮೆರಿಕದ ವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು 1954ರಲ್ಲಿ ಬರೆದರು. ಇಂಥ ಅಳು ಹುಟ್ಟಿದ ಎರಡನೆಯ ವಾರದ ಸುಮಾರಿಗೆ ಮೊದಲಾಗಿ, ಆರನೆಯ ವಾರದ ಹೊತ್ತಿಗೆ ಅತಿಶಯಿಸಿ, ಮೂರು ನಾಲ್ಕು ತಿಂಗಳಾಗುವುದರೊಳಗೆ ಬಹುಪಾಲು ತಾನಾಗಿಯೇ ತಗ್ಗುವುದು. ಈ ಕಾಲಕ್ರಮವನ್ನು ಅರಿತವರಿಗೆ ಅರ್ಧ ಭಯ ಅಲ್ಲಿಯೇ ಹೋಗುವುದು.

ಇನ್ನು ತಾಯಿಯ ಮೇಲಣ ಆರೋಪ. ಬಾಣಂತಿಯು ಆಲೂಗೆಡ್ಡೆ, ಅವರೆ, ಕಡಲೆ, ಬದನೆ ಮುಂತಾದ ‘ವಾಯು ಪದಾರ್ಥ’ಗಳನ್ನು ತಿಂದರೆ ಆ ವಾಯು ಹಾಲಿನಲ್ಲಿಳಿದು ಮಗುವಿಗೆ ಬರುವುದೆಂದು ನಂಬಿ, ಅವಳಿಗೆ ಬರಿಯ ಅನ್ನ ಸಾರಿನ ಪಥ್ಯ ಹಾಕುವ ಮನೆಗಳುಂಟು; ನೀರನ್ನು ಕೂಡ ಅಳೆದು ಕೊಡುವವರುಂಟು. ಆದರೆ ಹಾಲು ಹುಟ್ಟುವುದು ತಾಯಿಯ ರಕ್ತದಿಂದಲೇ ಹೊರತು ಅವಳ ಕರುಳಿನಿಂದಲ್ಲ. ಅವಳ ಕರುಳಿನಲ್ಲಿ ಹುಟ್ಟಿದ ವಾಯು ಮೊಲೆಹಾಲಿಗೆ ಬರಲು ದಾರಿಯಿಲ್ಲ. ಕೆಲವೇ ಕೂಸುಗಳಿಗೆ ತಾಯಿ ಕುಡಿದ ಹಸುವಿನ ಹಾಲಿನ ಸಾರಾಂಶ ಒಗ್ಗದಿರುವುದು ನಿಜ. ಅದನ್ನು ವೈದ್ಯರು ನಿರ್ಣಯಿಸಬೇಕು. ಹೆತ್ತು ಬಳಲಿದವಳಿಗೆ ಬೇಳೆ, ಸೊಪ್ಪು, ಹಣ್ಣು, ನೀರುಗಳು ಬೇಕೇಬೇಕು. ಮಗು ಅತ್ತಾಗಲೆಲ್ಲ ಅವಳ ತುತ್ತನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಹಾಲೂಡುವ ಕ್ರಮವನ್ನು ನೋಡಬೇಕು. ಮಗು ತೊಟ್ಟನ್ನು ಮಾತ್ರವಲ್ಲದೆ ಅದರ ಸುತ್ತಣ ಕಪ್ಪು ಭಾಗದ ಬಹುಪಾಲನ್ನು ಬಾಯಿತುಂಬ ಹಿಡಿದರೆ ಗಾಳಿ ಒಳಗೆ ಹೋಗುವುದು ಕಡಮೆ. ಹಸಿದು ಚೀರುವವರೆಗೆ ಕಾಯದೆ, ಬಾಯಾಡಿಸಲು ತೊಡಗಿದೊಡನೆ ಎತ್ತಿಕೊಳ್ಳಬೇಕು. ಸೀಸೆಯಲ್ಲಿ ಕುಡಿಸಬೇಕಾಗಿ ಬಂದರೆ ರಬ್ಬರಿನ ತೊಟ್ಟಿಯಲ್ಲಿ ಸದಾ ಹಾಲು ತುಂಬಿರುವಂತೆ ಸೀಸೆಯನ್ನು ಓರೆಯಾಗಿ ಹಿಡಿಯಬೇಕು. ಕುಡಿದಾದ ಮೇಲೆ ಕೂಸನ್ನು ಹೆಗಲಿಗೊರಗಿಸಿ, ಅಥವಾ ಗಲ್ಲಕ್ಕೂ ಎದೆಗೂ ಕೈಯಾಸರೆ ಕೊಟ್ಟು ತೊಡೆಯ ಮೇಲೆ ಕೂರಿಸಿ, ಬೆನ್ನನ್ನು ಮೆಲ್ಲನೆ ನೇವರಿಸಿದರೆ ತೇಗು ಬರುವುದು. ಐದಾರು ನಿಮಿಷ ನೋಡಿಯೂ ಬಾರದಿದ್ದರೆ ಬಲವಂತ ಬೇಡ.

ಹೊಟ್ಟೆ ಬಿಗಿದಿದ್ದಾಗ ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲುಗಳನ್ನು ಮೆಲ್ಲನೆ ಹೊಟ್ಟೆಯ ಕಡೆಗೆ ಮಡಿಸಿ, ಬಿಡಿಸಿ, ಸೈಕಲ್ ತುಳಿಯುವಂತೆ ಆಡಿಸಬಹುದು. ಬೆಚ್ಚನೆಯ ಕೈಯಿಂದ ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ನೀವಬಹುದು. ದೊಡ್ಡ ಕರುಳು ಮಗುವಿನ ಬಲಗಡೆ ಮೇಲೇರಿ, ಅಡ್ಡಹಾದು, ಎಡಗಡೆ ಇಳಿಯುವುದರಿಂದ ಆ ದಿಕ್ಕೇ ಸರಿ. ಮುಂಗೈಯ ಮೇಲೆ ಕವುಚಿಕೊಂಡು ಅಡ್ಡಾಡುವುದು, ಬೆಚ್ಚನೆಯ ನೀರಿನ ಸ್ನಾನ, ತೊಟ್ಟಿಲು, ಜೋಗುಳ, ಇವೆಲ್ಲ ಒಳ್ಳೆಯವೇ. ಎತ್ತಿಕೊಂಡರೆ ಮಗು ಕೆಡುವುದೆಂಬ ಅಂಜಿಕೆ ಬೇಡ. 1986ರಲ್ಲಿ ಪ್ರಕಟವಾದ, ಕೆನಡದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರನೆಯ ವಾರದಲ್ಲಿ ಇತರ ಕೂಸುಗಳಿಗಿಂತ ಕಡಮೆ ಅತ್ತವು. ಆದರೆ ನಿದ್ದೆಗೆ ಮಲಗಿಸುವಾಗ ಮಾತ್ರ ಅಂಗಾತವಾಗಿಯೇ ಮಲಗಿಸಬೇಕು; ಬೋರಲಾಗಿ ಮಲಗಿದ ಕೂಸುಗಳಲ್ಲಿ ನಿದ್ದೆಯಲ್ಲಿಯೇ ಉಸಿರು ನಿಲ್ಲುವ ಅಪಾಯ ಹೆಚ್ಚು.

ಈಗ ಮೂರನೆಯ ಮಾತು. ನಮ್ಮ ಹಿರಿಯರ ಕೈಯ ಮದ್ದುಗಳನ್ನೆಲ್ಲ ಗೌರವದಿಂದ ಉಳಿಸಿಕೊಳ್ಳೋಣ. ಬಾಯಿಯ ಮದ್ದುಗಳನ್ನು ಬಿಡೋಣ. ಬಜೆಯಲ್ಲಿರುವ ಒಂದು ದ್ರವ್ಯವು ಇಲಿಗಳಲ್ಲಿ ಗಂತಿಗಳನ್ನು ಹುಟ್ಟಿಸಿದುದನ್ನು ಕಂಡು, ಅಮೆರಿಕದ ಸರ್ಕಾರ 1968ರಲ್ಲಿ ಅದನ್ನು ಆಹಾರದಲ್ಲಿ ಬೆರೆಸಕೂಡದೆಂದು ವಿಧಿಸಿತು. ಜಾಯಿಕಾಯಿ ಮಂಪರು ತರುವುದು. ಅಳು ನಿಂತುದು ನೋವು ಹೋದುದರಿಂದಲ್ಲ, ಮಗು ಮಂಕಾದುದರಿಂದ. ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಮೈಯ ನೀರಿಂಗುವುದು. ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯವೂ ಉಂಟು. ಜೇನಿನಲ್ಲಿ ವರ್ಷದೊಳಗಿನ ಮಕ್ಕಳನ್ನು ನಿಶ್ಶಕ್ತಗೊಳಿಸುವ ವಿಷರೋಗದ ಬೀಜ ಇರಬಹುದೆಂದು 1976ರ ತರುವಾಯ ತಿಳಿದುಬಂತು. ಗ್ರೈಪ್ ವಾಟರ್ ಎಂಬುದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ವಿಲಿಯಂ ವುಡ್‌ವರ್ಡ್ ತಯಾರಿಸಿದ ಔಷಧಿ. ಸಬ್ಬಸಿಗೆಯ ಎಣ್ಣೆ, ಸೋಡ, ಸಕ್ಕರೆಗಳ ಜೊತೆಗೆ ಅದರಲ್ಲಿ ಮದ್ಯಸಾರವೂ ಇತ್ತು. ಈಗ ಮದ್ಯಸಾರವನ್ನು ಬಿಟ್ಟಿದ್ದಾರೆ. ಉಪಯೋಗವುಂಟೆಂಬುದಕ್ಕೆ ಸಾಕಾದ ಆಧಾರ ಮಾತ್ರ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮತದಂತೆ ಮೊದಲ ಆರು ತಿಂಗಳು ಮೊಲೆಹಾಲಲ್ಲದೆ ನೀರು ಕೂಡ ಬೇಡ. ವೈದ್ಯರು ಬರೆದುಕೊಟ್ಟ ಔಷಧಿಯೊಂದೇ ಇದಕ್ಕೆ ಹೊರತು. ಇಂಗನ್ನು ಹೊಕ್ಕುಳಿನ ಸುತ್ತ ಹಚ್ಚುವವರು ಹೊಕ್ಕುಳು ಒಣಗುವ ಮೊದಲು ಹಚ್ಚಕೂಡದು. ವೀಳ್ಯದೆಲೆಯನ್ನು ಬಿಸಿಮಾಡಿ ಇಡುವವರು ಮೊದಲು ತಮ್ಮ ಮಣಿಕಟ್ಟಿಗೆ ಒತ್ತಿ ನೋಡಿಕೊಳ್ಳತಕ್ಕದ್ದು.

ಮನೆಯ ಉಪಚಾರಕ್ಕೂ ಒಂದು ಗಡಿಯುಂಟು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಹಸುರು ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಉಬ್ಬಿದ ಹೊಟ್ಟೆ, ತೊಡೆಸಂದಿನಲ್ಲಿ ಗಂಟು, ಹಾಲನ್ನು ಒಲ್ಲದಿರುವುದು, ಮಂಕಾಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಂಥ ರಾತ್ರಿಗಳಲ್ಲಿ ಶುಶ್ರೂಷೆ ಬೇಕಾದವರು ಇಬ್ಬರು, ಕೂಸು ಮತ್ತು ತಾಯಿ. ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದು ಸಹಜ; ಆದರೆ ಆ ಸಿಟ್ಟಿನಲ್ಲಿ ಕೂಸನ್ನು ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ತಾಳ್ಮೆ ತೀರಿತೆಂದು ಕಂಡರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಸ್ವಲ್ಪ ಹೊತ್ತು ಆಚೆ ಹೋಗುವುದೇ ವಿವೇಕ. ಅದಕ್ಕಿಂತ ಮೇಲಾದುದು, ಅತ್ತೆಯವರಾಗಲಿ ಗಂಡನಾಗಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು, “ನೀನು ಎರಡು ಗಂಟೆ ಮಲಗಮ್ಮ” ಎನ್ನುವುದು. ಶಿಶುಶೂಲೆಗೆ ಕಾಲವೇ ಮದ್ದು. ಆ ಕಾಲವನ್ನು ತಾಯಿಯೊಬ್ಬಳೇ ಕಳೆಯದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಧರ್ಮ.